ಗೆರೆ ಇದೆ, ಹಿಡಿತ ಇಲ್ಲ: ಸೆಮಿ-ಸ್ಲಿಕ್ ಟೈರ್, ಎಂಟು ತಿಂಗಳ ನಂತರ

ಆಟೋಕ್ರಾಸ್ (ಗುರುತು ಹಾಕಿದ ಸಣ್ಣ ತಿರುವು ದಾರಿಯಲ್ಲಿ ಸಮಯದ ಲೆಕ್ಕಕ್ಕೆ ಕಾರು ಓಡಿಸುವ ಸ್ಪರ್ಧೆ) ಹುಚ್ಚಿಗೆ ಸೆಮಿ-ಸ್ಲಿಕ್ ಟೈರ್ ಹಾಕಿಸಿದ್ದೆ, ಅಂದರೆ ಗೆರೆ ಕಡಿಮೆ ಇರುವ, ಮೆತ್ತಗಿನ ರಬ್ಬರಿನ ಟೈರ್. ಇದರ ಟ್ರೆಡ್‌ವೇರ್ 200 (ಸವೆತದ ಅಂಕಿ, ಕಡಿಮೆ ಇದ್ದಷ್ಟು ಬೇಗ ಸವೆಯುತ್ತದೆ). ಮೊದಲೆರಡು ತಿಂಗಳು ಭಾರಿ ಖುಷಿ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂತಿ ಒಳಗೆ ಬರುತ್ತಿತ್ತು.

ಆದರೆ ಈ ರಬ್ಬರ್ ಚೆನ್ನಾಗಿ ಕಾದು ತಣಿದಷ್ಟು ಸಲ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲು ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿತ್ತು, ಈಗ ಚಪ್ಪಲಿಯ ಅಟ್ಟೆ ಒತ್ತಿದ ಹಾಗೆ. ನನ್ನದು ಫ್ರಂಟ್ ವೀಲ್ ಡ್ರೈವ್, ಹಾಗಾಗಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಎಲ್ಲ ಮುಂದಿನ ಟೈರಿಗೇ ಬಿದ್ದು ಅದರ ಹೊರ ಅಂಚು ಮೊದಲು ಸವೆಯಿತು, ಕೊನೆಕೊನೆಗೆ ತಿರುವಿನಲ್ಲಿ ಕಾರು ನೇರ ಹೋಗಲಿಕ್ಕೆ ನೋಡುತ್ತಿತ್ತು.

ಅಂಗಡಿಯವರನ್ನು ಕೇಳಿದರೆ, "ಗೆರೆ ಉಂಟಲ್ಲ ಮಾರಾಯ್ರೆ, ಇನ್ನೊಂದು ವರ್ಷ ಓಡ್ತದೆ!" ಓಡುತ್ತದೆ ನಿಜ, ನಿಲ್ಲಬೇಕಲ್ವಾ? ಟೈರ್ ಬದಲಿಸಬೇಕೆಂದು ತೋರಿಸುವ 1.6 ಮಿ.ಮೀ. ಸವೆತದ ಗುರುತು ಬರುವ ಮೊದಲೇ ಹಿಡಿತ ಹೋಗಿರುತ್ತದೆ.

ಮಳೆಗಾಲಕ್ಕಂತೂ ಬೇಡವೇ ಬೇಡ. ಜೂನ್‌ನಲ್ಲಿ ಪಡುಬಿದ್ರಿ ಹತ್ತಿರ ಹೆದ್ದಾರಿ 66ರಲ್ಲಿ ನಿಂತ ನೀರಿಗೆ ಹೋದಾಗ ಟೈರ್ ನೀರಿನ ಮೇಲೆ ತೇಲಿದಂತಾಗಿ ಸ್ಟಿಯರಿಂಗ್ ಒಮ್ಮೆಲೇ ಹಗುರಾಯಿತು, ಪಕ್ಕದಲ್ಲಿದ್ದ ಅಮ್ಮ ಮಂಗಳೂರು ಮುಟ್ಟುವವರೆಗೆ ಮಾತೇ ಆಡಲಿಲ್ಲ. ಮರುದಿನವೇ ಹಳೇ ಟೈರ್ ವಾಪಸ್ ಹಾಕಿಸಿದೆ.