ಕಾಂಟ್ಯಾಕ್ಟ್ ಫಾರ್ಮ್ 7: ಮೂರು ವರ್ಷ ಬಳಸಿದ ಮೇಲೆ

ನನ್ನದು ತಂಬುಳಿಗಳ ಬಗ್ಗೆ ಬರೆಯುವ ಸಣ್ಣ ವೆಬ್‌ಸೈಟ್. ಮನೆ ಸಾಗರದ ಹತ್ತಿರ. ಹಿತ್ತಲಲ್ಲಿ ಸಿಗುವ ಸೊಪ್ಪು, ಚಿಗುರು, ಹೂವು, ಇಷ್ಟೇ ನನ್ನ ವಿಷಯ. 2022ರಲ್ಲಿ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಇದನ್ನು ಮಾಡಿದಾಗ ಓದಿದವರು ನನಗೆ ಬರೆಯಲಿ ಅಂತ ಕಾಂಟ್ಯಾಕ್ಟ್ ಫಾರ್ಮ್ 7 ಅನ್ನುವ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿಕೊಂಡೆ. ಪೂರ್ತಿ ಉಚಿತ, ನನ್ನ ಬಜೆಟ್‌ಗೆ ಅದೇ ಬೇಕಿತ್ತು. ಹಾಕಿಕೊಳ್ಳುವುದು ಹೇಗೆ ಅಂತ ಎಲ್ಲ ಕಡೆ ಇದೆ, ಅದನ್ನು ಬಿಡುತ್ತೇನೆ.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಫಾರ್ಮಿನ ಪ್ರತಿ ಮಾತನ್ನೂ ಕನ್ನಡದಲ್ಲಿ ಬರೆದುಕೊಳ್ಳಬಹುದು. 'ಸಬ್‌ಮಿಟ್' ಇದ್ದ ಕಡೆ ನಾನು 'ಕಳಿಸಿ' ಅಂತ ಹಾಕಿದೆ. ವಿಷಯ ಕೇಳುವ ಸಾಲು ತೆಗೆದು 'ನಿಮ್ಮ ಊರು' ಅಂತ ಒಂದು ಸಾಲು ಸೇರಿಸಿದೆ. ಇದರಿಂದ ಸಿಕ್ಕಿದ ಖುಷಿ ನಾನು ಎಣಿಸಿದ್ದಕ್ಕಿಂತ ಜಾಸ್ತಿ. ಪುತ್ತೂರು ಅಂತ ಕಂಡರೆ ಒಂದೆಲಗಕ್ಕೆ ಅವರು ತಿಮರೆ ಅನ್ನುತ್ತಾರೆ ಅಂತ ಮೊದಲೇ ಗೊತ್ತಾಗುತ್ತದೆ. ಉತ್ತರ ಬರೆಯುವಾಗ ನಾನೂ ತಿಮರೆ ಅಂತಲೇ ಬರೆಯುತ್ತೇನೆ.

ಸ್ಪ್ಯಾಮ್ ತಡೆಯಲು ಇದರಲ್ಲಿ ಕ್ವಿಜ್ ಅಂತ ಒಂದು ಸೌಲಭ್ಯ ಇದೆ. ಪ್ರಶ್ನೆ, ಉತ್ತರ ಎರಡೂ ನಾವೇ ಬರೆಯಬೇಕು. ನನ್ನ ಪ್ರಶ್ನೆ: 'ಒಂದೆಲಗದ ಹೆಸರಲ್ಲಿ ಇರುವ ಸಂಖ್ಯೆ ಯಾವುದು? ಕನ್ನಡ ಅಕ್ಷರದಲ್ಲಿ ಬರೆಯಿರಿ.' ಉತ್ತರ: ಒಂದು. 'ಕನ್ನಡ ಅಕ್ಷರದಲ್ಲಿ' ಅನ್ನುವುದನ್ನು ಆಮೇಲೆ ಸೇರಿಸಿದ್ದು. ಮೊದಲು ಕೆಲವರು 1 ಅಂತ ಅಂಕಿ ಒತ್ತಿ, ಫಾರ್ಮ್ ಒಪ್ಪದೆ ವಾಪಸ್ ಹೋಗಿದ್ದರು. ಇದನ್ನು ಹಾಕಿದ ಮೇಲೆ ಸಾಲ ಕೊಡುತ್ತೇವೆ, ನಿಮ್ಮ ಸೈಟನ್ನು ಮೇಲೆ ತರುತ್ತೇವೆ ಅನ್ನುವ ಇಂಗ್ಲಿಷ್ ಮೇಲ್‌ಗಳು ಹೆಚ್ಚುಕಡಿಮೆ ನಿಂತೇ ಹೋದವು.

ಇನ್ನು ನೋವಿನ ವಿಷಯ.

2024ರ ಜೂನ್‌ನಲ್ಲಿ ಶಿರಸಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರೊಬ್ಬರು ನನ್ನ ಗುರುತು ಹಿಡಿದು ಕೇಳಿದರು: "ಎರಡು ಸಲ ಬರೆದೆ ಮಾರಾಯ್ತಿ, ಒಂದಕ್ಕೂ ಉತ್ತರ ಕೊಡಲಿಲ್ಲವಲ್ಲ?" ನನಗೆ ಏನೂ ಬಂದಿರಲಿಲ್ಲ. ಅವರು ಫೋನ್ ತೆಗೆದು ನನ್ನ ಎದುರೇ ಫಾರ್ಮ್ ತುಂಬಿ ಕಳಿಸಿದರು. ಹಸಿರು ಗೆರೆಯ ಚೌಕದಲ್ಲಿ 'ನಿಮ್ಮ ಸಂದೇಶ ತಲುಪಿದೆ' ಅಂತ ಬಂತು. ಆ ಸಾಲು ನಾನೇ ಬರೆದದ್ದು. ನನ್ನ ಇನ್‌ಬಾಕ್ಸ್ ಖಾಲಿಯೇ ಇತ್ತು.

ರಾತ್ರಿ ಮನೆಗೆ ಬಂದು ಸ್ಪ್ಯಾಮ್ ಫೋಲ್ಡರ್ ತೆಗೆದೆ. ಅಲ್ಲಿದ್ದವು. ಅವರದ್ದೂ ಸೇರಿ ಏಳು. ಯಲ್ಲಾಪುರ, ಹೊಸನಗರ, ಬೆಂಗಳೂರು, ಮೈಸೂರು, ಒಂದೊಂದರಲ್ಲೂ ಊರಿನ ಹೆಸರು. ಜಿಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದದ್ದನ್ನು 30 ದಿನಕ್ಕೆ ಅಳಿಸಿಬಿಡುತ್ತದೆ. ಹಾಗಾಗಿ ಅದಕ್ಕಿಂತ ಹಿಂದಿನವು ಇರಲಿಲ್ಲ. ಎಷ್ಟು ಜನ ಬರೆದಿದ್ದರು, ಏನು ಕೇಳಿದ್ದರು, ನನಗೆ ಇನ್ನು ಗೊತ್ತಾಗುವುದೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಹುಡುಕಲು ಒಂದು ವಾರ ಹಿಡಿಯಿತು. ಕಳಿಸುವವರ ವಿಳಾಸ ಅನ್ನುವ ಜಾಗದಲ್ಲಿ ಫಾರ್ಮ್ ತಾನಾಗಿ ಸೈಟಿನ ವಿಳಾಸ ಹಾಕುತ್ತದೆ. ನಾನು ಅದನ್ನು ತೆಗೆದು ಬರೆದವರ ಮೇಲ್ ಐಡಿ ಬರುವಂತೆ ಮಾಡಿದ್ದೆ. ಇನ್‌ಬಾಕ್ಸ್‌ನಲ್ಲಿ ಅವರ ಹೆಸರು ಕಂಡರೆ ಚೆಂದ ಅಲ್ವಾ ಅಂತ. ಲಕೋಟೆಯ ಮೇಲೆ 'ಇಂದ: ಧಾರವಾಡ' ಅಂತ ಬರೆದು ಸಾಗರದ ಅಂಚೆ ಮುದ್ರೆ ಒತ್ತಿಸಿದ ಹಾಗೆ ಅದು. ಮೇಲ್ ಹೊರಡುವುದು ನನ್ನ ಸೈಟನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಯ ಸರ್ವರ್‌ನಿಂದ, ಹೆಸರು ಮಾತ್ರ ಬೇರೆಯವರ ಜಿಮೇಲ್‌ನದ್ದು. 2024ರ ಫೆಬ್ರವರಿಯಿಂದ ಜಿಮೇಲ್ ಇಂಥದ್ದರ ಮೇಲೆ ನಿಯಮ ಬಿಗಿ ಮಾಡಿತು. ತನಗೆ ಮೇಲ್ ಕಳಿಸುವವರಿಗೆಲ್ಲ ಎಸ್‌ಪಿಎಫ್ (ಈ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಅಥವಾ ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಇರಲೇಬೇಕು ಅಂತಲೂ ಹೇಳಿತು. ಜಿಮೇಲ್ ಅಲ್ಲದ ಆಫೀಸಿನ ಐಡಿಯಿಂದ ಬರೆದವರ ಮೇಲ್ ಅಪರೂಪಕ್ಕೊಂದು ಇನ್‌ಬಾಕ್ಸ್‌ಗೇ ಬರುತ್ತಿತ್ತು. ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಫಾರ್ಮಿನ ಸೆಟ್ಟಿಂಗ್‌ನಲ್ಲಿ ಈ ವಿಳಾಸ ನಿಮ್ಮ ಸೈಟಿನದ್ದಲ್ಲ ಅಂತ ಎಚ್ಚರಿಕೆ ಕಾಣುತ್ತಿತ್ತು. ಮೇಲ್ ಬರುತ್ತಿದೆಯಲ್ಲ ಅಂತ ಅದನ್ನು ಸುಮ್ನೆ ಬಿಟ್ಟಿದ್ದೆ.

ಸರಿ ಮಾಡಿದ್ದು ಹೀಗೆ. ಸೈಟಿನ ಹೆಸರಲ್ಲೇ ಒಂದು ಮೇಲ್ ಐಡಿ ಮಾಡಿ, ಕಳಿಸುವವರ ಜಾಗದಲ್ಲಿ ಅದನ್ನು ಹಾಕಿದೆ. ಬರೆದವರ ಐಡಿ 'ರಿಪ್ಲೈ ಟು' ಸಾಲಿಗೆ ಹೋಯಿತು. ರಿಪ್ಲೈ ಒತ್ತಿದರೆ ಉತ್ತರ ಅವರಿಗೇ ಹೋಗುತ್ತದೆ. ಡಬ್ಲ್ಯೂಪಿ ಮೇಲ್ ಎಸ್‌ಎಂಟಿಪಿ ಅನ್ನುವ ಪ್ಲಗಿನ್‌ನ ಉಚಿತ ಆವೃತ್ತಿ ಹಾಕಿ, ಆ ಐಡಿಯ ಪಾಸ್‌ವರ್ಡ್ ಕೊಟ್ಟು, 587 ಪೋರ್ಟ್ (ಮೇಲ್ ಸರ್ವರ್‌ಗೆ ಹೋಗುವ ಬಾಗಿಲು) ಮೂಲಕ ಕಳಿಸುವ ಹಾಗೆ ಮಾಡಿದೆ. ಹೋಸ್ಟಿಂಗ್‌ನವರಿಗೆ ಬರೆದು ಡಿಕೆಐಎಂ ಆನ್ ಮಾಡಿಸಿಕೊಂಡೆ. 'ನಮ್ಮ ಕಡೆ ಎಲ್ಲ ಸರಿ ಇದೆ' ಅಂತ ಎರಡು ಸಲ ಉತ್ತರ ಬಂತು, ಮೂರನೆಯ ಸಲ ಕೆಲಸ ಆಯಿತು. ಕಂಪ್ಯೂಟರಿನಲ್ಲಿ ಜಿಮೇಲ್ ತೆಗೆದು, ಬಂದ ಮೇಲ್‌ನ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ನೋಡಿದರೆ ಎಸ್‌ಪಿಎಫ್, ಡಿಕೆಐಎಂ ಎರಡರ ಮುಂದೂ 'ಪಾಸ್' ಅಂತ ಇರಬೇಕು. ನೀವೂ ಇವತ್ತೇ ನೋಡಿಕೊಳ್ಳಿ.

ಇದಕ್ಕಿಂತ ಮುಖ್ಯ ಫ್ಲೆಮಿಂಗೋ. ಕಾಂಟ್ಯಾಕ್ಟ್ ಫಾರ್ಮ್ 7 ಬಂದ ಸಂದೇಶವನ್ನು ಎಲ್ಲೂ ಇಟ್ಟುಕೊಳ್ಳುವುದಿಲ್ಲ, ಮೇಲ್ ಮಾಡಿ ಕೈ ತೊಳೆದುಕೊಳ್ಳುತ್ತದೆ. ಅದನ್ನು ಮಾಡಿದವರೇ ಮಾಡಿದ ಫ್ಲೆಮಿಂಗೋ ಪ್ಲಗಿನ್ ಹಾಕಿದರೆ ಪ್ರತಿ ಸಂದೇಶದ ನಕಲು ಸೈಟಿನಲ್ಲೇ ಉಳಿಯುತ್ತದೆ. ಇದನ್ನು ಮೊದಲ ದಿನವೇ ಹಾಕಿಕೊಂಡಿದ್ದರೆ ಒಂದು ಪತ್ರವೂ ಕಳೆದುಹೋಗುತ್ತಿರಲಿಲ್ಲ. ಫೋಟೋ ಮಾತ್ರ ಅದರಲ್ಲಿ ಉಳಿಯುವುದಿಲ್ಲ, ಮೇಲ್ ಜೊತೆಗೇ ಬರಬೇಕು. ಫೋಟೋಗೆ ಫಾರ್ಮ್ ಮೊದಲಿಗೆ 1 ಎಂಬಿ ಮಿತಿ ಇಟ್ಟಿರುತ್ತದೆ. ಈಗಿನ ಫೋನ್‌ಗಳಲ್ಲಿ ತೆಗೆದ ಎಲೆಯ ಚಿತ್ರಕ್ಕೆ ಅದು ಸಾಲದು. ನಾನು 5 ಮಾಡಿದ್ದೇನೆ.

ಈಗ ಪ್ರತಿ ತಿಂಗಳ 1ನೇ ತಾರೀಕು ಬೆಳಗಿನ ತಿಂಡಿ ಆದ ಮೇಲೆ ಫಾರ್ಮ್ ಪರೀಕ್ಷೆ ಮಾಡುತ್ತೇನೆ. ನನ್ನ ಫೋನ್‌ನಿಂದಲ್ಲ, ಅತ್ತೆಯ ಫೋನ್‌ನಿಂದ, ಅವರ ಜಿಮೇಲ್ ಐಡಿ ಹಾಕಿ. ಹೊರಗಿನವರು ಬರೆದ ಹಾಗೇ ಆಗಬೇಕು. ಹೆಸರು: ಪರೀಕ್ಷೆ. ಊರು: ಹಿತ್ತಲು. ಸಂದೇಶದಲ್ಲಿ ಆವತ್ತು ಹಿತ್ತಲಲ್ಲಿ ಏನಿದೆಯೋ ಅದು. ಅತ್ತೆ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. 'ದೊಡ್ಡಪತ್ರೆಗೆ ಹುಳ ಬಿದ್ದಿದೆ.' 'ಬಾವಿಕಟ್ಟೆ ಹತ್ತಿರ ಒಂದೆಲಗ ಚಿಗುರಿದೆ, ನಾಳೆ ಕೊಯ್ಯಬಹುದು.' ಕಳಿಸಿ ಒತ್ತಿ ಇಬ್ಬರೂ ನನ್ನ ಫೋನ್ ನೋಡುತ್ತಾ ಕೂರುತ್ತೇವೆ. ಟಿಣ್ ಅಂದರೆ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಮೊನ್ನೆ ಫ್ಲೆಮಿಂಗೋ ತೆಗೆದು ಈ ಪರೀಕ್ಷೆಗಳನ್ನಷ್ಟೇ ಸಾಲಾಗಿ ಓದಿದೆ. ಒಂದು ವರ್ಷದ ಹಿತ್ತಲು ಅಲ್ಲಿ ದಿನಚರಿ ಬರೆದ ಹಾಗೆ ಕೂತಿತ್ತು. ಯಾವ ಸೊಪ್ಪು ಯಾವ ತಿಂಗಳು ಬಂತು ಅಂತ ನಾನು ಬೇರೆ ಎಲ್ಲೂ ಬರೆದಿಟ್ಟಿರಲಿಲ್ಲ. ಸೈಟಿಗೆ ಮುಂದಿನ ಬರಹ ಅದರಿಂದಲೇ ಮಾಡುತ್ತಿದ್ದೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಂದೇಶ ಉಳಿಸಿಕೊಳ್ಳುವುದು ಫಾರ್ಮಿನಲ್ಲೇ ಇರಬೇಕಿತ್ತು, ಒಂದು ಕಳೆದದ್ದು ಅದಕ್ಕೆ.

ಶಿರಸಿಯವರಿಗೆ ಮರುದಿನವೇ ಫೋನ್ ಮಾಡಿದೆ. ಅವರು ಬರೆದದ್ದು ಕೊಡಸಿಗೆ ಹೂವಿನ ತಂಬುಳಿ ಬಗ್ಗೆ. ಒಣಗಿಸಿಟ್ಟ ಹೂವನ್ನು ತುಪ್ಪದಲ್ಲಿ ಎಷ್ಟು ಹೊತ್ತು ಹುರಿಯಬೇಕು ಅಂತ ಇನ್ನೊಮ್ಮೆ ಪೂರ್ತಿ ಹೇಳಿದರು, ನಾನು ಪುಸ್ತಕದಲ್ಲಿ ಬರೆದುಕೊಂಡೆ.

ಹಸಿರು ಚೌಕದ ಮಾತನ್ನೂ ಬದಲಾಯಿಸಿದೆ. ಈಗ ಅಲ್ಲಿ ಹೀಗಿದೆ: 'ಕಳಿಸಿದ್ದಾಯಿತು. ನಾಲ್ಕು ದಿನದಲ್ಲಿ ನನ್ನ ಉತ್ತರ ಬರದಿದ್ದರೆ ದಯವಿಟ್ಟು ಇನ್ನೊಮ್ಮೆ ಬರೆಯಿರಿ.' ಹೋದ ತಿಂಗಳು ತೀರ್ಥಹಳ್ಳಿಯವರೊಬ್ಬರು ಐದನೇ ದಿನ ಸರಿಯಾಗಿ ಇನ್ನೊಮ್ಮೆ ಬರೆದರು. ಅವರ ಮೊದಲನೆಯದೂ ಬಂದಿತ್ತು, ನಾನು ಊರಲ್ಲಿರಲಿಲ್ಲ ಅಷ್ಟೆ. ಎರಡಕ್ಕೂ ಸೇರಿಸಿ ಉದ್ದ ಉತ್ತರ ಬರೆದೆ.