ಖಡೇ ಬಜಾರಿನಲ್ಲಿ ಕೊಂಡ ಚನ್ನಪಟ್ಟಣದ ಚಹಾ ಸೆಟ್ಟು

ಮಗಳಿಗೆ ಆರು ತುಂಬಿದ ವಾರ ಟಿಳಕವಾಡಿಯ ನಮ್ಮ ಮನೆಯಲ್ಲಿ ಅವಳ ಐವರು ಗೆಳತಿಯರಿಗೆ ಚಹಾಕೂಟ ಏರ್ಪಡಿಸುವುದೆಂದು ನಿಶ್ಚಯವಾದಾಗ, ಬೆಳಗಾವಿಯ ಖಡೇ ಬಜಾರಿನ ಒಂದು ಆಟಿಕೆ ಅಂಗಡಿಯಿಂದ ಚನ್ನಪಟ್ಟಣದ ಮರದ ಚಹಾ ಸೆಟ್ಟನ್ನು 850 ರೂಪಾಯಿ ಕೊಟ್ಟು ತಂದೆ. ಒಂದು ಕಿಟ್ಲಿ, ಮುಚ್ಚಳವಿರುವ ಸಕ್ಕರೆ ಡಬ್ಬಿ, ಆರು ಕಪ್ಪು-ಬಶಿ ಮತ್ತು ಇವೆಲ್ಲ ಹಿಡಿಯುವಷ್ಟು ಅಗಲದ ಒಂದು ತಟ್ಟೆ ಅದರಲ್ಲಿದ್ದವು.

ಕುಸುರಿಯಲ್ಲಿ ಎಣಿಸುವಂಥ ಕೊರತೆಯಿಲ್ಲ. ಆಲೆ ಮರ ಹಗುರವಾದ್ದರಿಂದ ತುಂಬಿದ ತಟ್ಟೆಯನ್ನು ಮಗು ಒಬ್ಬಳೇ ಅಡುಗೆಮನೆಯಿಂದ ಪಡಸಾಲೆಗೆ ಹೊತ್ತು ತಂದಳು. ಚೂಪು ಅಂಚೆಂಬುದು ಎಲ್ಲಿಯೂ ಇಲ್ಲ, ನೆಲಕ್ಕೆ ಬಿದ್ದ ಎರಡು ಕಪ್ಪುಗಳಿಗೂ ಏನೂ ಆಗಲಿಲ್ಲ. ಪಿಂಗಾಣಿಯಾಗಿದ್ದರೆ ಆ ಸಂಜೆ ಕಸಬರಿಗೆ ಹಿಡಿದೇ ಕಳೆಯುತ್ತಿತ್ತು.

ಆದರೆ ಅಂಗಡಿಯವರ ಮಾತನ್ನು ನಂಬಿ ನಾನು ಕೆಟ್ಟೆ. ಬಿಸಿಯದನ್ನು ಸುರಿಯಬಹುದೇ ಎಂದು ಕೇಳಿದಾಗ "ಏನೂ ಆಗಂಗಿಲ್ಲರೀ ಅಕ್ಕಾರ" ಎಂದಿದ್ದರು. ಚಹಾ ಬೇಡವೆಂದು ಕೊತ್ತಂಬರಿ-ಜೀರಿಗೆಯ ಕಷಾಯಕ್ಕೆ ಹಾಲು ಬೆರೆಸಿ, ಮಕ್ಕಳು ಕುಡಿಯುವ ಹದಕ್ಕಿಂತ ತುಸು ಹೆಚ್ಚೇ ಬಿಸಿಯಿರುವಾಗ ಕಿಟ್ಲಿಗೆ ಸುರಿದೆ. ಹತ್ತು ನಿಮಿಷದಲ್ಲಿ ಕಿಟ್ಲಿಯ ಒಳಮೈ ಅಂಟಂಟಾಯಿತು. ಕೆಂಪು ಕಪ್ಪೊಂದರ ಮೇಲೆ ಬೂದಿ ಬಳಿದಂತೆ ಬಿಳಿ ಮಚ್ಚೆ ಎದ್ದಿತು. ಕಷಾಯವನ್ನೆಲ್ಲ ಚೆಲ್ಲಿದೆ. ಇದು ಆಗಲೇಬೇಕಾದದ್ದು: ಚರಕಿಯ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕಾವಿಗೆ ಕರಗಿ ಹತ್ತಿದ್ದು ಕಾವಿಗೆ ಮತ್ತೆ ಮೆತ್ತಗಾಗದೆ ಇದ್ದೀತೇ?

ಇನ್ನೊಂದು ಸಂಗತಿಯನ್ನು ಕೊಳ್ಳುವವರು ಗಮನಿಸಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದರೂ ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿಯಿದೆ. ಆದ್ದರಿಂದ ಗುರುತಿಲ್ಲವೆಂಬ ಒಂದೇ ಕಾರಣಕ್ಕೆ ಶಂಕಿಸಬೇಕಿಲ್ಲ. ಆದರೆ ಬಳಕೆಯ ಬಗ್ಗೆ ಡಬ್ಬಿಯ ಮೇಲೆ ಒಂದು ಸಾಲೂ ಇಲ್ಲದಿರುವಾಗ ಮಾರುವವರ ಬಾಯಿಮಾತೇ ಆಧಾರವಾಗುತ್ತದೆ, ಅದು ಸರಿಯಾಗಿರಬೇಕು.

ಒಣ ತಿನಿಸಿಗೆ ಮಾತ್ರ ಬಶಿಗಳು ಚೆನ್ನಾಗಿ ಒದಗಿದವು. ಚುರುಮುರಿ, ಖಾರಿ ಹಾಕಿಕೊಟ್ಟೆ. ಕುಂದಾ ತುಪ್ಪ ಬಿಡುವ ತಿನಿಸಾದ್ದರಿಂದ ಅದರಡಿಗೆ ಕಾಗದದ ತುಂಡು ಇಟ್ಟೆ. (ಕುಂದಾ ಬಂದ ಮೇಲೆ ಕಪ್ಪು-ಬಶಿಯ ಅಂದವನ್ನು ಯಾರೂ ಕೇಳಲಿಲ್ಲ.) ಕುಡಿಯಲು ಕೊನೆಗೆ ಮನೆಯ ಸಣ್ಣ ಸ್ಟೀಲ್ ಲೋಟಗಳೇ ಬಂದವು.

ಮರುದಿನ ಅಂಗಡಿಗೆ ಹೋಗಿ ತೋರಿಸಿದಾಗ ಕಿಟ್ಲಿಯನ್ನು ಬದಲಿಸಿಕೊಟ್ಟರು, ಕಪ್ಪನ್ನು ಕೊಡಲಿಲ್ಲ. ಬರಿ ಆಟಕ್ಕಾದರೆ ಈ ಸೆಟ್ಟನ್ನು ಇನ್ನೊಮ್ಮೆಯೂ ಕೊಂಡೇನು. ಮಚ್ಚೆ ಬಿದ್ದ ಕಪ್ಪನ್ನು ಮಗಳು "ಇದು ಮುದುಕರ ಕಪ್ಪು" ಎಂದು ಹೆಸರಿಟ್ಟು, ಈಗ ಆಟದಲ್ಲಿ ನನಗೆ ತಪ್ಪದೆ ಅದರಲ್ಲಿಯೇ ಚಹಾ ಕೊಡುತ್ತಾಳೆ.