ಎಸ್‌ಕ್ಯೂಲೈಟ್ ಬಿಲ್ಲಿಂಗ್: ಒಂದು ಕೌಂಟರಿಗೆ ಸೂಪರ್, ಎರಡನೆಯದು ತೆರೆದರೆ ಗೋಳು

ನಮ್ಮದು ಮೆಡಿಕಲ್ ಶಾಪ್. ಬಿಲ್ಲಿಂಗ್ ಸಾಫ್ಟ್‌ವೇರಿನ ಹೆಸರು ಬೇಡ. ಅದು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಬಳಸುತ್ತದೆ, ಡೇಟಾ ಪೂರ್ತಿ ಒಂದೇ ಫೈಲಿನಲ್ಲಿದೆ, ಆ ಫೈಲು ಒಳಗಿನ ರೂಮಿನ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿತ್ತು. ವರ್ಷಗಟ್ಟಲೆ ಹೀಗೇ ನಡೆಸಿದ್ದೇವೆ.

ಬೆಳಿಗ್ಗೆ ಒಂದೇ ಕೌಂಟರ್ ಇದ್ದಾಗ ಏನು ಸ್ಪೀಡು ಅಂತೀರಿ! ಬಿಪಿ ಮಾತ್ರೆಗೆ 'ಟೆಲ್ಮಿ' ಎಂದು ಹೊಡೆಯುವಷ್ಟರಲ್ಲಿ ಬ್ಯಾಚ್, ಎಕ್ಸ್‌ಪೈರಿ, ಎಂಆರ್‌ಪಿ ಎಲ್ಲ ಕಣ್ಣೆದುರು. ಹತ್ತು ಗಂಟೆಗೆ ಹುಡುಗ ಬಂದು ಎರಡನೇ ಕೌಂಟರ್ ತೆರೆದ ಅಂದರೆ ಮುಗೀತು. ಅದೇ ಮಾತ್ರೆಗೆ ಕರ್ಸರ್ ಗಿರಗಿರ ತಿರುಗುತ್ತದೆ, ಗಿರಾಕಿ ದುಡ್ಡು ಹಿಡಿದು ನಿಂತಿರುತ್ತಾರೆ.

ಕಾರಣ ಇಷ್ಟೇ. ಫೈಲನ್ನು ಒಬ್ಬರೇ ತೆರೆದಿದ್ದರೆ, ಓದಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳಲು ವಿಂಡೋಸ್ ಆ ಕಂಪ್ಯೂಟರಿಗೆ ಅನುಮತಿ ಕೊಡುತ್ತದೆ. ಇದಕ್ಕೆ ಆಪ್‌ಲಾಕ್ ಎನ್ನುತ್ತಾರೆ. ಇನ್ನೊಬ್ಬರು ತೆರೆದು ಬರೆಯಲು ಶುರು ಮಾಡಿದರೆ ಆ ಅನುಮತಿ ವಾಪಸ್. ಎಸ್‌ಕ್ಯೂಲೈಟಿಗೆ ಸರ್ವರ್ ಇಲ್ಲ, ಹುಡುಕುವ ಕೆಲಸವೆಲ್ಲ ಕೌಂಟರಿನ ಕಂಪ್ಯೂಟರೇ ಮಾಡಬೇಕು, ಹಾಗಾಗಿ ಫೈಲಿನ 4 ಕೆಬಿಯ ಒಂದೊಂದು ತುಂಡೂ (ಪೇಜ್), 'ಈಗ ನಾನು ಬಳಸುತ್ತಿದ್ದೇನೆ' ಎನ್ನುವ ಒಂದೊಂದು ಲಾಕೂ ಕೇಬಲ್ ಮೇಲೆ ಹೋಗಿ ಬರಬೇಕು. ಗಿಗಾಬಿಟ್ ಸ್ವಿಚ್ ಹಾಕಿಸಿದೆವು, ಜಾಸ್ತಿ ಫರಕ್ ಬರಲಿಲ್ಲ. ವೈರಿನ ಅಗಲ ಇಲ್ಲಿ ಮುಖ್ಯ ಅಲ್ಲ, ಹೋಗಿ ಬರುವ ಸಲಗಳೇ ಜಾಸ್ತಿ. ಎಕ್ಸ್‌ಪೈರಿ ತಾರೀಕಿಗೆ ಇಂಡೆಕ್ಸ್ (ಬೇಗ ಹುಡುಕಲು ಮಾಡಿಡುವ ಪಟ್ಟಿ) ಇರಲಿಲ್ಲ, ತಿಂಗಳ ಕೊನೆಯ ಲಿಸ್ಟ್ ತೆಗೆಯಲು ಇಡೀ ಟೇಬಲ್ಲೇ ಕೇಬಲ್ಲಿನಲ್ಲಿ ಬರುತ್ತಿತ್ತು. ಇಬ್ಬರೂ ಒಟ್ಟಿಗೆ ಬಿಲ್ ಸೇವ್ ಮಾಡಿದರೆ ಒಬ್ಬರಿಗೆ 'ಡೇಟಾಬೇಸ್ ಈಸ್ ಲಾಕ್ಡ್'. ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಪಕ್ಕದ ಇನ್ನೊಂದು ಫೈಲಿನಲ್ಲಿ ಬರೆದಿಡುವ ವಿಧಾನ) ಹಾಕಿ ಅಂತ ಸುಮ್ನೆ ಹೇಳುವವರಿದ್ದಾರೆ. ಅದು ನೆಟ್‌ವರ್ಕ್ ಫೋಲ್ಡರಿನಲ್ಲಿ ನಡೆಯುವುದಿಲ್ಲ, ಎಲ್ಲ ಪ್ರೋಗ್ರಾಮೂ ಒಂದೇ ಕಂಪ್ಯೂಟರಿನಲ್ಲಿರಬೇಕು ಎಂದು ಎಸ್‌ಕ್ಯೂಲೈಟಿನವರೇ ಬರೆದಿದ್ದಾರೆ.

ಇಷ್ಟಾದರೂ ಇದನ್ನು ಬಿಡಲು ಮನಸ್ಸು ಬರಲಿಲ್ಲ, ಅದಕ್ಕೆ ಕಾರಣ ಬ್ಯಾಕಪ್. ರಾತ್ರಿ ಷಟರ್ ಅರ್ಧ ಎಳೆದು, ಕೌಂಟರುಗಳಲ್ಲಿ ಪ್ರೋಗ್ರಾಂ ಮುಚ್ಚಿ, ಆ ಒಂದು ಫೈಲನ್ನು ಪೆನ್‌ಡ್ರೈವಿಗೆ ಎಳೆದು ಹಾಕಿ ಹೆಸರಿಗೆ ಅವತ್ತಿನ ತಾರೀಕು ಸೇರಿಸಿದರೆ ಆಯಿತು. ಇಡೀ ಅಂಗಡಿಯ ಲೆಕ್ಕ ಜೇಬಿನಲ್ಲಿ! ದೊಡ್ಡ ಡೇಟಾಬೇಸ್, ಅದನ್ನು ನೋಡಿಕೊಳ್ಳಲು ಒಬ್ಬ ಜನ, ಇದೆಲ್ಲ ನಮ್ಮ ಬಜೆಟ್ಟಿಗೆ ಆಗುವಂಥದ್ದಲ್ಲ.

ಈಗ ಸಾಫ್ಟ್‌ವೇರಿನವರು ಒಳಗಿನ ಕಂಪ್ಯೂಟರಿನಲ್ಲೇ ಒಂದು ಸಣ್ಣ ಸರ್ವಿಸ್ (ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಂ) ಕೂರಿಸಿದ್ದಾರೆ. ಕೌಂಟರಿನಿಂದ ಪ್ರಶ್ನೆ ಹೋಗುತ್ತದೆ, ಉತ್ತರ ಮಾತ್ರ ಬರುತ್ತದೆ. ಫೈಲನ್ನು ಮುಟ್ಟುವುದು ಆ ಸರ್ವಿಸ್ ಒಂದೇ, ಹಾಗಾಗಿ ವಾಲ್ ಮೋಡೂ ನಡೆಯುತ್ತಿದೆ. ಅದೇ ಎಸ್‌ಕ್ಯೂಲೈಟ್, ಅದೇ ಹಳೇ ಕಂಪ್ಯೂಟರ್, ಸಂಜೆ ರಶ್ಶಿನಲ್ಲೂ ತೊಂದರೆ ಇಲ್ಲ. ರಾತ್ರಿ ಕಾಪಿಗೆ ಮುಂಚೆ ಸರ್ವಿಸ್ ನಿಲ್ಲಿಸಬೇಕು, ಅಷ್ಟೇ.

ಒಂದೇ ಕೌಂಟರ್ ಇದ್ದವರು ಕಣ್ಣು ಮುಚ್ಚಿ ತಗೊಳ್ಳಿ. ಎರಡು ಮೂರು ಇದ್ದರೆ ಡೆಮೋ ದಿನವೇ ಎಲ್ಲ ಕಂಪ್ಯೂಟರಿನಲ್ಲೂ ಒಟ್ಟಿಗೆ ಬಿಲ್ ಹೊಡೆಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.